ಬಿದ್ದ ಮರವನ್ನು ಬಿದ್ದಲ್ಲೇ ಬಿಡುವ ಕಾಡು

ಎಲ್ಲರಿಗೂ ನಮಸ್ಕಾರ.

ಗದಗಿನಲ್ಲಿ ಕಾಡಿನ ಬಗ್ಗೆ ಮಾತಾಡಿ ಎಂದು ನೀವು ಕರೆದಿರಿ. ನಾನು ಪೋಲಂಡ್ ದೇಶದ ಒಂದು ಕಾಡನ್ನು ಆರಿಸಿಕೊಂಡೆ. ಸಂಘಟಕರಿಗೆ ಸ್ವಲ್ಪ ಆಶ್ಚರ್ಯವಾಯಿತು. "ಕಪ್ಪತಗುಡ್ಡ ಇಲ್ಲೇ ಕಣ್ಣೆದುರಿಗೆ ಇದೆಯಲ್ಲ ಸರ್, ಅಷ್ಟು ದೂರ ಯಾಕೆ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕಪ್ಪತಗುಡ್ಡಕ್ಕೆ ಬಂದೇ ಬರುತ್ತೇನೆ. ಆದರೆ ಇಷ್ಟು ವರ್ಷ ನಮ್ಮ ಗುಡ್ಡದ ಬಗ್ಗೆ ನಾವು ಮಾಡಿದ ವಾದವೆಲ್ಲ ಹೆಚ್ಚಾಗಿ ಒಂದೇ: ಗಣಿಗೆ ಕೊಡಬೇಡಿ. ಆ ವಾದವನ್ನು ಗೆದ್ದಿದ್ದೇವೆ. ಮುಂದೇನು? ಕಾಡು ಉಳಿಯಿತು ಎಂದಾದ ಮೇಲೆ ಅದರೊಳಗೆ ನಾವು ಏನು ಮಾಡಬೇಕು, ಏನು ಮಾಡಬಾರದು? ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳಿಂದ ಜಗಳವಾಡುತ್ತಾ, ಕೋರ್ಟಿಗೆ ಹೋಗುತ್ತಾ ಉತ್ತರ ಹುಡುಕುತ್ತಿರುವ ಕಾಡು ಅದು. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಕಾಡಿನ ಹೆಸರು ಬ್ಯಾವೊವಿಯೆಜಾ. ಪೋಲಂಡಿನ ಪೂರ್ವದ ಅಂಚಿನಲ್ಲಿದೆ. ಅರ್ಧಕ್ಕಿಂತ ಜಾಸ್ತಿ ಭಾಗ ಗಡಿಯಾಚೆ ಬೆಲಾರೂಸ್ ದೇಶದಲ್ಲಿದೆ. ಎರಡೂ ಕಡೆ ಸೇರಿ ಸುಮಾರು 1,400 ಚದರ ಕಿಲೋಮೀಟರ್ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಪೋಲಂಡಿನ ಭಾಗ 1979ರಲ್ಲಿ ಸೇರಿತು, ಬೆಲಾರೂಸಿನದು 1992ರಲ್ಲಿ. ಯುರೋಪಿನ ಬಯಲು ಪ್ರದೇಶವನ್ನೆಲ್ಲ ಒಂದು ಕಾಲಕ್ಕೆ ಇಂಥ ಕಾಡೇ ತುಂಬಿತ್ತು. ಊರು, ಹೊಲ, ಕಾರ್ಖಾನೆ ಬಂದ ಹಾಗೆ ಕಾಡು ಹೋಯಿತು. ಕೊನೆಗೆ ದೊಡ್ಡದಾಗಿ ಉಳಿದ ತುಂಡು ಇದು.

ಪೋಲಂಡಿನ ಬದಿಯ ಕಾಡು ಸುಮಾರು 600 ಚದರ ಕಿಲೋಮೀಟರ್. ಅದರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದದ್ದು ಬರೀ 105 ಚದರ ಕಿಲೋಮೀಟರ್. ಅಂದರೆ ಆರನೇ ಒಂದು ಪಾಲು. ನಮ್ಮ ಕಪ್ಪತಗುಡ್ಡದ ವನ್ಯಜೀವಿ ಧಾಮ 244 ಚದರ ಕಿಲೋಮೀಟರ್ ಇದೆ. ಜಗತ್ತಿನ ಕಾಡಿನ ವಿಜ್ಞಾನಿಗಳೆಲ್ಲ ಹೆಸರು ಹೇಳುವ ಆ ಉದ್ಯಾನ ನಮ್ಮ ಗುಡ್ಡದ ಅರ್ಧವೂ ಇಲ್ಲ. ಆ 105ರಲ್ಲೂ ನಿಜವಾಗಿ ಯಾರೂ ಕೈ ಹಾಕದ ಹಳೆಯ ಭಾಗ ಸುಮಾರು 47 ಚದರ ಕಿಲೋಮೀಟರ್. ಅಲ್ಲಿಗೆ ಪರವಾನಗಿ ಇರುವ ಗೈಡ್ ಇಲ್ಲದೆ ಪ್ರವಾಸಿಗರು ಹೋಗುವ ಹಾಗಿಲ್ಲ. 1921ರಿಂದ ಆ ತುಂಡಿನಲ್ಲಿ ಮರ ಕಡಿಯುವುದಿಲ್ಲ, ಸಸಿ ನೆಡುವುದಿಲ್ಲ, ಬಿದ್ದದ್ದನ್ನು ಎತ್ತುವುದೂ ಇಲ್ಲ.

ಇಷ್ಟಾದರೂ ಉಳಿದದ್ದು ಹೇಗೆ? ರಾಜರ ಬೇಟೆಯಿಂದ. ಪೋಲಂಡಿನ ರಾಜರು, ಲಿಥುವೇನಿಯಾದ ಪ್ರಭುಗಳು ಇದನ್ನು ತಮ್ಮ ಬೇಟೆಯ ಕಾಡು ಮಾಡಿಕೊಂಡಿದ್ದರು. 1410ರ ಗ್ರುನ್ವಾಲ್ಡ್ ಯುದ್ಧಕ್ಕೆ ಮೊದಲು ಯಾಗಿಯೆಲ್ಲೊ ರಾಜ ಸೈನ್ಯದ ಊಟಕ್ಕೆ ಇಲ್ಲಿಯೇ ಬೇಟೆಯಾಡಿ ಮಾಂಸ ಕೂಡಿಹಾಕಿದ ಎನ್ನುತ್ತಾರೆ. 16ನೇ ಶತಮಾನದಲ್ಲಿ ಇಲ್ಲಿ ಬೈಸನ್ ಎಂಬ ಕಾಡುಕೋಣದಂಥ ಪ್ರಾಣಿಯನ್ನು ಕದ್ದು ಕೊಂದವನಿಗೆ ಮರಣದಂಡನೆಯ ಕಾನೂನು ಬಂತು. ಆಮೇಲೆ ಪೋಲಂಡ್ ಹಂಚಿಹೋಗಿ ಕಾಡು ರಷ್ಯಾದ ತ್ಸಾರ್ ದೊರೆಗಳ ಕೈಗೆ ಬಂತು. ಅವರೂ ಬೇಟೆಗೆಂದೇ ಕಾದರು. ಬಡವರನ್ನು ಹೊರಗಿಟ್ಟು ಉಳಿಸಿದ ಕಾಡು ಇದು. ಇದನ್ನು ನಾನು ಮುಚ್ಚಿಡುವುದಿಲ್ಲ. ಜಗತ್ತಿನ ಎಷ್ಟೋ ಹಳೆಯ ಕಾಡುಗಳ ಕತೆ ಇದೇ.

ನಿಜವಾದ ಪೆಟ್ಟು ಬಿದ್ದದ್ದು ಮೊದಲ ಮಹಾಯುದ್ಧದಲ್ಲಿ. 1915ರಲ್ಲಿ ಜರ್ಮನ್ ಸೈನ್ಯ ಬಂತು. ಕಾಡಿನೊಳಗೆ ಚಿಕ್ಕ ರೈಲು ಹಳಿ ಹಾಕಿ, ಸಾಮಿಲ್ ಕಟ್ಟಿ, ಮೂರೇ ವರ್ಷದಲ್ಲಿ ಲಕ್ಷಗಟ್ಟಲೆ ಘನ ಮೀಟರ್ ಮರ ಸಾಗಿಸಿದರು. ಯುದ್ಧ ಮುಗಿದ ಮೇಲೆ ಹಣವಿಲ್ಲದ ಹೊಸ ಪೋಲಂಡ್ ಸರಕಾರ 1924ರಲ್ಲಿ ಒಂದು ಬ್ರಿಟಿಷ್ ಕಂಪನಿಗೆ ಕಡಿಯಲು ಗುತ್ತಿಗೆ ಕೊಟ್ಟಿತು. ವಿಜ್ಞಾನಿಗಳು ಹಟ ಹಿಡಿದು ನಡುವಿನ ಆ ಒಂದು ತುಂಡನ್ನು ಮಾತ್ರ ಕಾದುಕೊಂಡರು. ಈಗ ನಾವು ನೋಡುವುದು ಆ ತುಂಡನ್ನೇ.

ಒಳಗೆ ಏನಿದೆ ಎಂದು ಹೇಳುತ್ತೇನೆ. ನಾನು ಅಲ್ಲಿಗೆ ಒಂದು ಸೆಪ್ಟೆಂಬರಿನಲ್ಲಿ ಹೋಗಿದ್ದೆ.

ಓಕ್ ಮರಗಳು 40 ಮೀಟರ್ ಎತ್ತರ ದಾಟುತ್ತವೆ. ಸೂಜಿ ಎಲೆಯ ಸ್ಪ್ರೂಸ್ ಮರ 50 ಮೀಟರ್ ಮುಟ್ಟುತ್ತದೆ. ಅದು ಹದಿನೈದು ಅಂತಸ್ತಿನ ಕಟ್ಟಡದ ಎತ್ತರ. ಲಿಂಡೆನ್, ಹಾರ್ನ್‌ಬೀಮ್, ಆಶ್, ಮೇಪಲ್ ಎಲ್ಲ ಬೆರಕೆಯಾಗಿ ನಿಂತಿರುತ್ತವೆ. ಸಾಲಿಲ್ಲ, ಒಂದೇ ವಯಸ್ಸಿಲ್ಲ. ಮುದಿ ಮರದ ಬುಡದಲ್ಲೇ ಬೆರಳುದ್ದದ ಸಸಿ ಇರುತ್ತದೆ. ಆದರೆ ಮೊದಲು ಕಣ್ಣಿಗೆ ಬೀಳುವುದು ನಿಂತ ಮರ ಅಲ್ಲ, ಬಿದ್ದ ಮರ. ಎಲ್ಲಿ ನೋಡಿದರೂ ಅಡ್ಡಾದಿಡ್ಡಿ ಬಿದ್ದ ಮರ. ಒಂದರ ಮೇಲೊಂದು. ಆ ಕಾಡಿನ ಒಟ್ಟು ಮರದ ರಾಶಿಯಲ್ಲಿ ಐದನೇ ಒಂದು ಭಾಗದಿಂದ ಕಾಲುಭಾಗದ ತನಕ ಸತ್ತದ್ದೇ ಇದೆ. ಹೆಕ್ಟೇರಿಗೆ ನೂರು ಘನ ಮೀಟರಿಗೂ ಜಾಸ್ತಿ. ನಾವು 'ಚೊಕ್ಕ'ವಾಗಿ ಇಟ್ಟುಕೊಳ್ಳುವ ಪ್ಲಾಂಟೇಶನ್ನಿನಲ್ಲಿ ಇದು ಶೂನ್ಯಕ್ಕೆ ಹತ್ತಿರ.

ಒಂದು ಓಕ್ ಮರದ ದಿಮ್ಮಿಯ ಹತ್ತಿರ ನಮ್ಮ ಗೈಡ್ ಹೆಣ್ಣುಮಗಳು ನಿಲ್ಲಿಸಿದಳು. ಬಿದ್ದು ಹಲವು ದಶಕಗಳೇ ಆಗಿದ್ದವು. ಅಡ್ಡ ಬಿದ್ದ ದಿಮ್ಮಿ ನನ್ನ ಎದೆಯ ಮಟ್ಟ ಬರುತ್ತಿತ್ತು. ಮೇಲೆಲ್ಲ ದಪ್ಪ ಹಸಿರು ಪಾಚಿ. ಕೈ ಇಟ್ಟರೆ ತಣ್ಣಗೆ, ಒದ್ದೆ. ಹದಿನೈದು ದಿನದಿಂದ ಮಳೆ ಬಂದಿಲ್ಲ ಎಂದು ಅವಳು ಹೇಳಿದಳು, ಆದರೂ ಒತ್ತಿದರೆ ನೀರು ಜಿನುಗುತ್ತಿತ್ತು. ನಮ್ಮ ಹಳ್ಳಿಯ ಮನೆಗಳಲ್ಲಿ ಬರಗಾಲಕ್ಕೆಂದು ಜೋಳ ತುಂಬಿಡುತ್ತಿದ್ದ ಹಗೇವು ನೆನಪಾಯಿತು. ಈ ದಿಮ್ಮಿ ಕಾಡಿನ ಹಗೇವು. ನೀರು, ಸತ್ವ ಎರಡನ್ನೂ ಕೂಡಿಟ್ಟುಕೊಂಡು ಬೇಕಾದವರಿಗೆ ಸ್ವಲ್ಪ ಸ್ವಲ್ಪ ಕೊಡುತ್ತದೆ.

ಯಾರಿಗೆ ಕೊಡುತ್ತದೆ? ದಿಮ್ಮಿಯ ಬೆನ್ನ ಮೇಲೆ ಸ್ಪ್ರೂಸ್ ಸಸಿಗಳು ಸಾಲಾಗಿ ಎದ್ದಿದ್ದವು. ಕೆಳಗೆ ನೆಲದಲ್ಲಿ ಎಲೆಯ ರಾಶಿ, ಗಿಡಗಂಟಿಗಳ ಪೈಪೋಟಿ. ಬೀಜಕ್ಕೆ ಬದುಕುವುದು ಕಷ್ಟ. ಮೇಲೆ ಬೆಳಕಿದೆ, ತೇವ ಇದೆ. ಪಕ್ಕದಲ್ಲಿ ಗೊರಸಿನ ಆಕಾರದ ಒಂದು ಗಟ್ಟಿ ಅಣಬೆ ಅಂಟಿಕೊಂಡಿತ್ತು. ಹಿಂದಿನ ಕಾಲದವರು ಇದರ ತಿರುಳಿಗೆ ಕಿಡಿ ತಾಗಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಂಕಿ ಒಯ್ಯುತ್ತಿದ್ದರು. ತೊಗಟೆ ಸಡಿಲಾದ ಕಡೆ ಅವಳು ಬೆರಳಿಂದ ಮೆಲ್ಲಗೆ ಎತ್ತಿ ತೋರಿಸಿದಳು. ಒಳಗೆ ಹುಳು, ಜೀರುಂಡೆ, ಶಂಬುಕ, ಬಿಳಿ ದಾರದಂಥ ಶಿಲೀಂಧ್ರ. ನೋಡಿದ ಮೇಲೆ ತೊಗಟೆಯನ್ನು ಇದ್ದ ಹಾಗೇ ಒತ್ತಿ ಮುಚ್ಚಿದಳು. ಸ್ವಲ್ಪ ದೂರದಲ್ಲಿ ಬೇರುಸಮೇತ ಮಗುಚಿದ ಸ್ಪ್ರೂಸ್ ಇತ್ತು. ಬೇರಿಗೆ ಅಂಟಿದ ಮಣ್ಣು ಆಳೆತ್ತರದ ಗೋಡೆಯ ಹಾಗೆ ನಿಂತಿತ್ತು. ಅಂಥ ಗೋಡೆಯ ಸಂದಿಯಲ್ಲಿ ರೆನ್ ಎಂಬ ಪುಟ್ಟ ಹಕ್ಕಿ ಗೂಡು ಕಟ್ಟುತ್ತದೆ. ಗೋಡೆಯ ಮುಂದಿನ ಗುಂಡಿಯಲ್ಲಿ ನೀರು ನಿಂತು ಕಪ್ಪೆಗಳಿಗೆ ಆಸರೆಯಾಗುತ್ತದೆ. ಯಾವ ಇಲಾಖೆಯೂ ಆ ಗುಂಡಿ ತೋಡಲಿಲ್ಲ.

ಆ ಕಾಡಿನಲ್ಲಿ 59 ಜಾತಿಯ ಸಸ್ತನಿಗಳಿವೆ, 250ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ, ಹುಳುಹುಪ್ಪಡಿಯಂಥ ಬೆನ್ನೆಲುಬಿಲ್ಲದ ಜೀವಿಗಳು 12,000ಕ್ಕೂ ಹೆಚ್ಚು. ಪೋಸ್ಟರಿನ ಮೇಲೆ ಬರುವುದು ತೋಳ, ಲಿಂಕ್ಸ್ ಬೆಕ್ಕು, ಬೈಸನ್. ಲೆಕ್ಕದಲ್ಲಿ ಕಾಡು ಎಂದರೆ ಆ ಹನ್ನೆರಡು ಸಾವಿರ. ಅವುಗಳಲ್ಲಿ ಬಹಳಷ್ಟಕ್ಕೆ ಸತ್ತ ಮರವೇ ಮನೆ, ಸತ್ತ ಮರವೇ ಊಟ. ಬಿಳಿಬೆನ್ನಿನ ಮರಕುಟಿಗ ಎಂಬ ಹಕ್ಕಿ ಯುರೋಪಿನ ಎಷ್ಟೋ ಕಡೆ ಕಾಣೆಯಾಗಿದೆ. ಕಾರಣ ಸರಳ. ಅದು ಕೊಳೆಯುತ್ತಿರುವ ಮರದೊಳಗಿನ ಹುಳು ತಿನ್ನುತ್ತದೆ, ಕೊಳೆಯಲು ಜನ ಮರವನ್ನು ಬಿಡುವುದಿಲ್ಲ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ.

ಸ್ಪ್ರೂಸ್ ಮರಕ್ಕೆ ಒಂದು ತೊಗಟೆ ಜೀರುಂಡೆ ಹತ್ತುತ್ತದೆ. ಉದ್ದ ನಾಲ್ಕೈದು ಮಿಲಿಮೀಟರ್, ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಗಂಡು ತೊಗಟೆ ಕೊರೆದು ಒಳಗೆ ಒಂದು ಕೋಣೆ ಮಾಡುತ್ತದೆ, ವಾಸನೆ ಬಿಟ್ಟು ಉಳಿದವನ್ನು ಕರೆಯುತ್ತದೆ. ಹೆಣ್ಣು ಉದ್ದಕ್ಕೆ ಸುರಂಗ ಕೊರೆದು ಎರಡೂ ಬದಿಗೆ ಮೊಟ್ಟೆ ಇಡುತ್ತದೆ. ಮರಿಗಳು ಅಡ್ಡಕ್ಕೆ ಕೊರೆಯುತ್ತಾ ಹೋಗುತ್ತವೆ. ಆರೋಗ್ಯವಾಗಿರುವ ಮರ ಅಂಟು ಸುರಿಸಿ ಹುಳುವನ್ನು ಹೊರಗೆ ತಳ್ಳುತ್ತದೆ. ಬರಗಾಲದಲ್ಲಿ ಬಾಯಾರಿದ ಮರಕ್ಕೆ ಆ ಶಕ್ತಿ ಇರುವುದಿಲ್ಲ. 2012ರ ನಂತರ ಬೇಸಿಗೆಗಳು ಒಣಗಿದವು, ಮಣ್ಣಿನ ನೀರು ಕೆಳಗೆ ಹೋಯಿತು. ಸ್ಪ್ರೂಸ್ ಮರಗಳು ಸಾವಿರಗಟ್ಟಲೆ ಸತ್ತು ಕೆಂಪಗೆ ನಿಂತವು.

2016ರಲ್ಲಿ ಪೋಲಂಡಿನ ಪರಿಸರ ಸಚಿವ ಯಾನ್ ಶಿಷ್ಕೊ ಒಂದು ಆದೇಶಕ್ಕೆ ಒಪ್ಪಿಗೆ ಕೊಟ್ಟರು. ರಾಷ್ಟ್ರೀಯ ಉದ್ಯಾನದ ಹೊರಗಿನ, ಆದರೆ ಅದೇ ಕಾಡಿನ ಒಂದು ಅರಣ್ಯ ವಲಯದಲ್ಲಿ ಹತ್ತು ವರ್ಷಕ್ಕೆ ಸುಮಾರು 63,000 ಘನ ಮೀಟರ್ ಎಂದು ಇದ್ದ ಕಡಿತದ ಮಿತಿ 1,88,000ಕ್ಕೆ ಏರಿತು. ಮೂರು ಪಟ್ಟು. ಕಾರಣ: ಹುಳು ಹಿಡಿದಿದೆ, ಕಡಿದರೆ ಉಳಿದ ಕಾಡು ಉಳಿಯುತ್ತದೆ. 2017ರಲ್ಲಿ ದೈತ್ಯ ಯಂತ್ರಗಳು ಒಳಗೆ ಬಂದವು. ಮರ ಹಿಡಿದು, ಕಡಿದು, ಕೊಂಬೆ ಸವರಿ, ತುಂಡು ಮಾಡಿ ಮಲಗಿಸಲು ಅವಕ್ಕೆ ನಿಮಿಷವೂ ಬೇಡ. ಯುವಕ ಯುವತಿಯರು ಆ ಯಂತ್ರಗಳಿಗೆ ತಮ್ಮನ್ನೇ ಸರಪಳಿಯಿಂದ ಕಟ್ಟಿಕೊಂಡು ಕುಳಿತರು.

ಸಚಿವರ ವಾದ ಮೇಲ್ನೋಟಕ್ಕೆ ಸರಿ ಅನಿಸುತ್ತದೆ, ಅಲ್ವಾ? ರೋಗ ಬಂದರೆ ಔಷಧ ಮಾಡಬೇಕು, ಸುಮ್ನೆ ಕೂರಬಾರದು. ನಮ್ಮ ದೇಶದಲ್ಲೂ 1997ರ ಸುಮಾರಿಗೆ ಮಧ್ಯಪ್ರದೇಶದ ಮಂಡ್ಲಾ ಕಡೆ ಸಾಲ ಮರಗಳಿಗೆ ಕೊರಕ ಹುಳು ಬಿದ್ದಾಗ ಇದೇ ಮಾತು ಹೇಳಿ ಲಕ್ಷಗಟ್ಟಲೆ ಮರ ಕಡಿದರು. ಆದರೆ ಆ ಜೀರುಂಡೆ ಬ್ಯಾವೊವಿಯೆಜಾಕ್ಕೆ ಹೊರಗಿನಿಂದ ಬಂದದ್ದಲ್ಲ. ಕಾಡಿನಷ್ಟೇ ಹಳೆಯದು. ಹಿಂದೆ ಎಷ್ಟೋ ಸಲ ಹೀಗೆ ಏರಿದೆ, ಇಳಿದಿದೆ. ಮೂರು ಬೆರಳಿನ ಮರಕುಟಿಗ ಅದರ ಮರಿಗಳನ್ನು ಹೆಕ್ಕಿ ತಿನ್ನುತ್ತದೆ. ಹುಳು ಬಿಟ್ಟು ಹೋದ ಒಣ ಮರ ಕಡಿದರೆ ಹುಳುವಿಗೇನೂ ಆಗುವುದಿಲ್ಲ. ಅದು ಆಗಲೇ ಹಾರಿಹೋಗಿರುತ್ತದೆ. ಹೋಗುವುದು ಮರಕುಟಿಗದ ಊಟ, ಗೂಬೆಯ ಪೊಟರೆ, ಮುಂದಿನ ಸಸಿಗೆ ಬೇಕಾದ ದಿಮ್ಮಿ. ಸ್ಪ್ರೂಸ್ ಸತ್ತ ಜಾಗ ಬರಿದಾಗಲೂ ಇಲ್ಲ. ಬೆಳಕು ಬಿದ್ದ ಕಡೆ ಹಾರ್ನ್‌ಬೀಮ್, ಲಿಂಡೆನ್ ಸಸಿಗಳು ತಾವಾಗಿಯೇ ಎದ್ದವು. ಕಾಡು ಸಾಯುತ್ತಿರಲಿಲ್ಲ, ಹವೆ ಬದಲಾದ ಹಾಗೆ ತನ್ನ ಮರಗಳನ್ನು ಬದಲಿಸಿಕೊಳ್ಳುತ್ತಿತ್ತು.

ವಿಷಯ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 2017ರ ಜುಲೈಯಲ್ಲಿ ಕಡಿತ ನಿಲ್ಲಿಸಿ ಎಂದು ತಡೆ ಬಂತು. ಆಮೇಲೂ ಯಂತ್ರಗಳು ಓಡಿದವು. ನವೆಂಬರಿನಲ್ಲಿ ನ್ಯಾಯಾಲಯ, ಮಾತು ಕೇಳದಿದ್ದರೆ ದಿನಕ್ಕೆ ಕಡಿಮೆಯೆಂದರೂ ಒಂದು ಲಕ್ಷ ಯೂರೊ ದಂಡ ಎಂದು ಎಚ್ಚರಿಸಿತು. ಆಗ ಯಂತ್ರಗಳು ಹೊರಬಂದವು. 2018ರ ಜನವರಿಯಲ್ಲಿ ಸಚಿವರ ಹುದ್ದೆ ಹೋಯಿತು. ಏಪ್ರಿಲ್ 17ರಂದು ಬಂದ ಅಂತಿಮ ತೀರ್ಪು ಪೋಲಂಡ್ ಕಾನೂನು ಮುರಿದಿದೆ ಎಂದಿತು. ಆ ಮೊಕದ್ದಮೆಯಲ್ಲಿ ಚರ್ಚೆಯಾದ ಜೀವಿಗಳಲ್ಲಿ ಸತ್ತ ಮರದಲ್ಲಿ ಬದುಕುವ ಜೀರುಂಡೆಗಳೂ ಇದ್ದವು. ಒಂದು ದೇಶದ ಸರಕಾರ ಜೀರುಂಡೆಯ ಮನೆ ಕೆಡವಿದ್ದಕ್ಕೆ ಕೋರ್ಟಿನಲ್ಲಿ ನಿಂತು ಉತ್ತರ ಕೊಡಬೇಕಾಯಿತು. ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ.

ಹಾಗಾದರೆ ಏನೂ ಮಾಡದೆ ಬಿಡುವುದೇ ಸಂರಕ್ಷಣೆಯೇ? ಯಾವಾಗಲೂ ಅಲ್ಲ. ಬೈಸನ್ ಕತೆ ಕೇಳಿ.

ಯುರೋಪಿನ ಬೈಸನ್ ನಮ್ಮ ದಾಂಡೇಲಿಯ ಕಾಡುಕೋಣದ ದೂರದ ನೆಂಟ. ಗಂಡು 800 ಕಿಲೋ ದಾಟಬಹುದು. ಮೊದಲ ಮಹಾಯುದ್ಧಕ್ಕೆ ಮುಂಚೆ ಈ ಕಾಡಿನಲ್ಲಿ ಏಳುನೂರಕ್ಕೂ ಹೆಚ್ಚು ಇದ್ದವು. ಹಸಿದ ಸೈನಿಕರು ಕೊಂದರು, ಕಳ್ಳಬೇಟೆಯವರು ಕೊಂದರು. 1919ರಲ್ಲಿ ಇಲ್ಲಿನ ಕೊನೆಯ ಕಾಡು ಬೈಸನ್ ಸತ್ತಿತು. 1927ರಲ್ಲಿ ಕಾಕಸಸ್ ಬೆಟ್ಟಗಳಲ್ಲಿ ಉಳಿದಿದ್ದ ಕೊನೆಯದೂ ಹೋಯಿತು. ಜಗತ್ತಿನ ಯಾವ ಕಾಡಿನಲ್ಲೂ ಒಂದೂ ಇಲ್ಲ. ಉಳಿದದ್ದು ಮೃಗಾಲಯಗಳಲ್ಲಿ, ಶ್ರೀಮಂತರ ತೋಟಗಳಲ್ಲಿ, ಐವತ್ತು ಚಿಲ್ಲರೆ. ಅವನ್ನು ಹುಡುಕಿ, ಪ್ರತಿಯೊಂದರ ವಂಶಾವಳಿ ಬರೆದಿಟ್ಟು, 1929ರಲ್ಲಿ ಬ್ಯಾವೊವಿಯೆಜಾದಲ್ಲಿ ಸಾಕಲು ಶುರು ಮಾಡಿದರು. 1952ರಲ್ಲಿ ಮೊದಲ ಬಾರಿ ಮತ್ತೆ ಕಾಡಿಗೆ ಬಿಟ್ಟರು. ಈಗ ಜಗತ್ತಿನಲ್ಲಿರುವ ಎಲ್ಲ ಯುರೋಪಿಯನ್ ಬೈಸನ್‌ಗಳೂ ಕೇವಲ 12 ಪ್ರಾಣಿಗಳ ಸಂತಾನ. 2019ರ ಹೊತ್ತಿಗೆ ಕಾಡಿನಲ್ಲಿ ತಿರುಗುವ ಬೈಸನ್ 6,200 ದಾಟಿತ್ತು. 2020ರಲ್ಲಿ ಅಪಾಯದ ಪಟ್ಟಿಯಲ್ಲಿ ಅದರ ಸ್ಥಾನ ಒಂದು ಮೆಟ್ಟಿಲು ಸುಧಾರಿಸಿತು.

ಇದು ಮನುಷ್ಯರು ಕೈ ಹಾಕಿ ಮಾಡಿದ ಕೆಲಸ. ದೊಡ್ಡ ಕೆಲಸ. ಆದರೆ ಇಲ್ಲೂ ಒಂದು ತೊಡಕಿದೆ. ಚಳಿಗಾಲದಲ್ಲಿ ಬೈಸನ್‌ಗಳಿಗೆ ಈಗಲೂ ಒಣಹುಲ್ಲು ಹಾಕುತ್ತಾರೆ. ಕೆಲವು ಸಂಶೋಧಕರ ಪ್ರಕಾರ ಬೈಸನ್ ಮೂಲತಃ ಬಯಲಲ್ಲಿ ಹುಲ್ಲು ಮೇಯುವ ಪ್ರಾಣಿ. ಬಯಲನ್ನೆಲ್ಲ ನಾವು ಉತ್ತುಕೊಂಡ ಮೇಲೆ ಬೇರೆ ದಾರಿ ಇಲ್ಲದೆ ಕಾಡು ಸೇರಿದೆ. ಈ ವಾದ ನನಗೆ ಒಪ್ಪಿಗೆಯಾಗುತ್ತದೆ, ಯಾಕೆಂದರೆ ರಾಣೆಬೆನ್ನೂರಿನಲ್ಲಿ ಇಂಥದ್ದನ್ನೇ ನೋಡಿದ್ದೇವೆ. ಅದನ್ನು ಆಮೇಲೆ ಹೇಳುತ್ತೇನೆ.

ಇನ್ನೊಂದು ತಪ್ಪು ಕಲ್ಪನೆ ಇದೆ. ಆದಿಕಾಲದ ಕಾಡು ಎಂದರೆ ಮನುಷ್ಯರ ಕಾಲೇ ಬೀಳದ ಜಾಗ ಎಂದುಕೊಳ್ಳುತ್ತೇವೆ. ಬ್ಯಾವೊವಿಯೆಜಾದಲ್ಲಿ ಲೇಸರ್‌ನಿಂದ ನೆಲ ಅಳೆದು ನೋಡಿದಾಗ ಮರಗಳ ಕೆಳಗೆ ಹಳೆಯ ಸಮಾಧಿ ದಿಬ್ಬಗಳು, ಇದ್ದಿಲು ಸುಟ್ಟ ಗುಂಡಿಗಳು, ಹೊಲದ ಗುರುತುಗಳು ಕಂಡವು. ಜನ ಅಲ್ಲಿ ದನ ಮೇಯಿಸಿದ್ದಾರೆ, ಹುಲ್ಲು ಕೊಯ್ದಿದ್ದಾರೆ. ಎತ್ತರದ ಪೈನ್ ಮರಗಳಲ್ಲಿ ಪೊಟರೆ ಕೊರೆದು ಜೇನು ಸಾಕಿದ್ದಾರೆ. ಮರದ ಮೇಲಿನ ಆ ಜೇನು ಸಾಕಣೆಯ ಕಲೆಯನ್ನು ಯುನೆಸ್ಕೊ 2020ರಲ್ಲಿ ಪೋಲಂಡ್, ಬೆಲಾರೂಸ್ ಎರಡರ ಪರಂಪರೆ ಎಂದು ಗುರುತಿಸಿತು. ಜನ ಇದ್ದೂ ಕಾಡು ಉಳಿದಿತ್ತು. ಯಂತ್ರ, ರೈಲು, ಸಾಮಿಲ್ ಬಂದಾಗ ಕಾಡು ತಡೆಯಲಿಲ್ಲ.

ಅದಕ್ಕೇ ಅಲ್ಲಿನ ಹಳ್ಳಿಗರ ಮಾತನ್ನೂ ಕೇಳಬೇಕು. ಇಡೀ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಿ ಎಂದು ವಿಜ್ಞಾನಿಗಳು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ಆಗಿಲ್ಲ. ಪೋಲಂಡಿನ ಕಾನೂನಿನ ಪ್ರಕಾರ ಸ್ಥಳೀಯ ಪಂಚಾಯ್ತಿಗಳು ಒಪ್ಪದೆ ಉದ್ಯಾನ ವಿಸ್ತರಿಸುವ ಹಾಗಿಲ್ಲ. ಪಂಚಾಯ್ತಿಗಳು ಒಪ್ಪುತ್ತಿಲ್ಲ. ಚಳಿ ದೇಶ, ಮನೆ ಬೆಚ್ಚಗಿಡಲು ಕಟ್ಟಿಗೆ ಬೇಕು, ಅರಣ್ಯ ಇಲಾಖೆಯಲ್ಲಿ ಕೂಲಿ ಬೇಕು. ರಾಜರ ಕಾಲದಿಂದಲೂ ತಮ್ಮನ್ನು ಹೊರಗಿಟ್ಟ ನೆನಪು ಬೇರೆ. ಅವರನ್ನು ಕಾಡಿನ ವೈರಿಗಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಕಪ್ಪತಗುಡ್ಡದ ತಪ್ಪಲಿನಲ್ಲೂ "ಧಾಮ ಆದರ ನಮ್ಮ ಕುರಿ ಎಲ್ಲಿ ಮೇಯಿಸೋಣ್ರಿ?" ಎಂದು ಕೇಳಿದವರಿದ್ದಾರೆ. ಅವರಿಗೆ ಬರೆದುಕೊಟ್ಟ, ಸ್ಪಷ್ಟವಾದ ಉತ್ತರ ಕೊಡದೆ ಎಷ್ಟು ದೊಡ್ಡ ಬೋರ್ಡ್ ಹಾಕಿದರೂ ಪ್ರಯೋಜನವಿಲ್ಲ.

ಗಡಿಯ ಬಗ್ಗೆ ಒಂದೆರಡು ಮಾತು. 2022ರಲ್ಲಿ ಪೋಲಂಡ್ ಬೆಲಾರೂಸ್ ಗಡಿಯಲ್ಲಿ 186 ಕಿಲೋಮೀಟರ್ ಉದ್ದದ ಉಕ್ಕಿನ ಬೇಲಿ ಕಟ್ಟಿತು. ಎತ್ತರ ಐದೂವರೆ ಮೀಟರ್. ವಲಸೆ ಬರುವ ಜನರನ್ನು ತಡೆಯಲು. ಅದು ಈ ಕಾಡಿನ ನಡುವೆಯೇ ಹಾದುಹೋಗುತ್ತದೆ. 1981ರಿಂದ ಸೋವಿಯತ್ ಕಾಲದ ಬೇಲಿ ಅಲ್ಲಿ ಇದ್ದೇ ಇತ್ತು, ಬೈಸನ್ ಹಿಂಡು ಆಗಲೇ ಎರಡಾಗಿತ್ತು. ಈಗ ಲಿಂಕ್ಸ್, ತೋಳಗಳ ದಾರಿಯೂ ಮುಚ್ಚಿದೆ. ಕಾಡು ಒಂದೇ, ಪಟ್ಟಿಯಲ್ಲಿ ಪರಂಪರೆಯೂ ಒಂದೇ, ನಡುವೆ ಗೋಡೆ. ಮನುಷ್ಯರಿಗೂ ಆ ಕಾಡಿನಲ್ಲಿ ಬಹಳ ನೋವಾಗಿದೆ.

ಈಗ ನಮ್ಮ ಊರಿಗೆ ಬರೋಣ.

ಕಾಡು ಎಂದರೇನು ಎಂಬ ಪ್ರಶ್ನೆಯನ್ನು ನಮ್ಮ ಭಾಗದ ಜನ ಪೋಲಂಡಿನ ಯುವಕರಿಗಿಂತ ಮೂವತ್ತು ವರ್ಷ ಮೊದಲೇ ಕೇಳಿದ್ದಾರೆ. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಸರಕಾರ ಊರ ಸಾಮೂಹಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಗೆ ಕೊಟ್ಟಿತ್ತು. ಅಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಹಚ್ಚಿದ್ದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಮತ್ತು ರೈತರು ಸೇರಿ ನೀಲಗಿರಿ ಸಸಿ ಕಿತ್ತು, ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಸರಕಾರ ಆ ಕಂಪನಿಯನ್ನೇ ಮುಚ್ಚಿತು. ಒಂದೇ ಜಾತಿಯ ಮರದ ಸಾಲನ್ನು ಕಾಡು ಎಂದು ಒಪ್ಪಲು ಈ ನೆಲದ ರೈತ ತಯಾರಿರಲಿಲ್ಲ. ಇದನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾಕೆ ಹೇಳುತ್ತಿಲ್ಲವೋ ಗೊತ್ತಿಲ್ಲ.

ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರಲ್ಲಿ ಆಯಿತು, 119 ಚದರ ಕಿಲೋಮೀಟರ್. ಕೃಷ್ಣಮೃಗ ಹುಲ್ಲುಬಯಲಿನ ಪ್ರಾಣಿ. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಹಕ್ಕಿಯೂ ಇತ್ತು. ಅದೂ ಬಯಲಿನ ಹಕ್ಕಿಯೇ. ಅಂಥ ಜಾಗದ ದೊಡ್ಡ ಭಾಗದಲ್ಲಿ ನೀಲಗಿರಿ ನೆಟ್ಟರು. ಬೋಳು ನೆಲ ಹಸಿರಾಯಿತು ಎಂದು ಖುಷಿಪಟ್ಟರು. ಜಿಂಕೆಗಳು ನೆರಳಿಗೆ ನೀಲಗಿರಿ ಸೇರಿಕೊಂಡು, ಹೊಟ್ಟೆಗೆ ರೈತರ ಹೊಲಕ್ಕೆ ಇಳಿದವು. ಎರೆಭೂತ ಕಾಣದಾಯಿತು. ಹೊಲ ಕಳೆದುಕೊಂಡ ರೈತನ ಸಿಟ್ಟು ಜಿಂಕೆಯ ಮೇಲೆ. ಪಾಪ, ಅದರ ತಪ್ಪೇನು?

ಕಪ್ಪತಗುಡ್ಡದ ಹೋರಾಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2015ರಲ್ಲಿ ಸಂರಕ್ಷಿತ ಪ್ರದೇಶವಾಯಿತು, 2016ರಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ 2017ರಲ್ಲಿ ಇದೇ ಗದಗಿನಲ್ಲಿ ಜನ ಧರಣಿ ಕೂತರು. ಆದೇಶ ಮರಳಿ ಬಂತು. 2019ರಲ್ಲಿ ವನ್ಯಜೀವಿ ಧಾಮವಾಯಿತು. ಚಿನ್ನ ಇರುವ ಗುಡ್ಡವನ್ನು ಗಿಡಮೂಲಿಕೆಗೆ, ತೋಳಕ್ಕೆ, ಕತ್ತೆಕಿರುಬಕ್ಕೆ, ಕೊಂಡಕುರಿಗೆ ಎಂದು ಉಳಿಸಿಕೊಂಡದ್ದು ಸಣ್ಣ ಮಾತಲ್ಲ.

ಆದರೆ ಗುಡ್ಡ ಹತ್ತಿ ನೋಡಿ. ಕಪ್ಪತಗುಡ್ಡ ಬ್ಯಾವೊವಿಯೆಜಾ ಅಲ್ಲ, ಆಗಬೇಕಾಗಿಯೂ ಇಲ್ಲ. ಮಳೆ ಕಡಿಮೆ, ಮಣ್ಣು ತೆಳು, ಕಲ್ಲು ಜಾಸ್ತಿ. ಬಂದರಿಕೆ, ಕವಳಿ, ಜಾಲಿ, ನಡುನಡುವೆ ಹುಲ್ಲು. ಅದೇ ಅದರ ಪೂರ್ಣ ರೂಪ. ಅದನ್ನು ನೋಡಿ ನಮ್ಮವರೇ "ಅಯ್ಯೋ, ಬೋಳಾಗಿದೆ, ಗಿಡ ನೆಡೋಣ" ಅನ್ನುತ್ತಾರೆ. ಪರಿಸರ ದಿನಕ್ಕೆ ಬಸ್ಸಿನಲ್ಲಿ ಮಕ್ಕಳನ್ನು ಕರೆತಂದು ಹುಲ್ಲು ಕಿತ್ತು ಗುಂಡಿ ತೋಡುತ್ತಾರೆ. ತಪ್ಪಲಿನಲ್ಲಿ ಕುರಿ ಕಾಯುವ ಹಿರಿಯರೊಬ್ಬರು ಒಮ್ಮೆ ನನಗೆ ಹೇಳಿದರು: "ಗಿಡನೂ ಬರಲಿಲ್ರಿ, ಇದ್ದ ಹುಲ್ಲೂ ಹೋತು." ಗಣಿಯವರು ಗುಡ್ಡವನ್ನು ಪಾಳು ಎಂದಾಗ ನಮಗೆ ಸಿಟ್ಟು ಬಂತು. ಗಿಡ ನೆಡಲು ಹೋಗುವ ನಾವೂ ಒಳಗೊಳಗೆ ಅದನ್ನು ಪಾಳು ಎಂದೇ ನಂಬಿದ್ದೇವಲ್ಲ!

ಬಿಟ್ಟುಬಿಡುವುದು ಎಂದರೆ ಕೈಕಟ್ಟಿ ಕೂರುವುದು ಎಂದು ಯಾರೂ ತಿಳಿಯಬೇಡಿ. ಜನವರಿಯಿಂದ ಮಾರ್ಚ್ ತನಕ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ನಮ್ಮಲ್ಲಿ ಹೆಚ್ಚಿನ ಬೆಂಕಿ ಸಿಡಿಲಿನದಲ್ಲ, ಬೀಡಿಯದು, ಹೊಸ ಹುಲ್ಲು ಬರಲೆಂದು ಹಚ್ಚಿದ್ದು. ಅದನ್ನು ತಡೆಯಲೇಬೇಕು, ಹಗಲು ರಾತ್ರಿ ಕಾಯಬೇಕು. ತಲೆಹೊರೆ ಕಟ್ಟಿಗೆಗೆ ಗುಡ್ಡ ಹತ್ತುವ ತಾಯಂದಿರನ್ನು ಗದರಿಸುವ ಮೊದಲು ಅವರ ಮನೆಯ ಸಿಲಿಂಡರ್ ತುಂಬಿದೆಯಾ ನೋಡಬೇಕು. ಇದೆಲ್ಲ ದುಡಿಮೆಯೇ. ಫೋಟೊಗೆ ಚೆನ್ನಾಗಿ ಬರುವುದಿಲ್ಲ, ಅಷ್ಟೇ.

ಬ್ಯಾವೊವಿಯೆಜಾದಿಂದ ನಾವು ತರಬೇಕಾದ ಒಂದು ಕೆಲಸ ಇದೆ. 1936ರಲ್ಲಿ ಅಲ್ಲಿನ ಅರಣ್ಯ ವಿಜ್ಞಾನಿಗಳು ಕೈ ಹಾಕದ ಆ ಭಾಗದಲ್ಲಿ ಐದು ಉದ್ದ ಪಟ್ಟಿಗಳನ್ನು ಗುರುತು ಮಾಡಿ ಪ್ರತಿ ಮರದ ಜಾತಿ, ಸುತ್ತಳತೆ ಬರೆದಿಟ್ಟರು. ಯುದ್ಧ ಬಂತು, ಆಳುವವರು ಬದಲಾದರು. ಆಮೇಲಿನ ತಲೆಮಾರಿನವರು ಅದೇ ಪಟ್ಟಿಗಳಿಗೆ ಹೋಗಿ ಮತ್ತೆ ಮತ್ತೆ ಅಳೆದರು. ಸ್ಪ್ರೂಸ್, ಪೈನ್ ಕಡಿಮೆಯಾಗಿ ಹಾರ್ನ್‌ಬೀಮ್, ಲಿಂಡೆನ್ ಹೆಚ್ಚುತ್ತಿರುವುದು ಗೊತ್ತಾದದ್ದು ಹಾಗೆ. ಹಕ್ಕಿಗಳ ಎಣಿಕೆಯೂ 1975ರಿಂದ ಆ ಕಾಡಿನಲ್ಲಿ ನಡೆದಿದೆ. ಸಚಿವರು ಕಾಡು ಸಾಯುತ್ತಿದೆ ಎಂದಾಗ, ಇಲ್ಲ, ಬದಲಾಗುತ್ತಿದೆ ಎಂದು ಲೆಕ್ಕ ಇಟ್ಟು ಹೇಳಲು ಸಾಧ್ಯವಾದದ್ದು ಈ ರಿಜಿಸ್ಟರುಗಳಿಂದ. ಕಪ್ಪತಗುಡ್ಡದ ಬಗ್ಗೆ ನಾಳೆ ಯಾರಾದರೂ "ಇಲ್ಲೇನಿದೆ?" ಎಂದು ಮತ್ತೆ ಕೇಳಿದರೆ ನಮ್ಮ ಕೈಯಲ್ಲಿ ಅಂಥ ಪುಸ್ತಕ ಇರಬೇಕು.

ಕಾಲೇಜುಗಳ ಸಸ್ಯಶಾಸ್ತ್ರದ ಅಧ್ಯಾಪಕರು, ವಿದ್ಯಾರ್ಥಿಗಳು ಇಲ್ಲಿ ತುಂಬಾ ಜನ ಇದ್ದೀರಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಗುಡ್ಡದಲ್ಲಿ ಮೂರು ಕಡೆ ಒಂದೊಂದು ಹೆಕ್ಟೇರ್ ಗುರುತು ಮಾಡೋಣ. ಒಂದು ಹುಲ್ಲಿನ ಜಾಗ, ಒಂದು ಕುರುಚಲು, ಒಂದು ಹಳ್ಳದ ದಂಡೆ. ಅಲ್ಲಿ ಗುಂಡಿ ಬೇಡ, ಸಸಿ ಬೇಡ, ಬೆಂಕಿ ಬೇಡ, ಒಣಗಿದ ಕೊಂಬೆಯನ್ನೂ ಎತ್ತುವುದು ಬೇಡ. ಆ ಮೂರು ಜಾಗ ಯಾವುವು ಎಂಬುದನ್ನು ತಪ್ಪಲಿನ ಕುರಿಗಾಹಿಗಳ ಜೊತೆ ಕೂತೇ ತೀರ್ಮಾನಿಸೋಣ. ಅವರಿಗೆ ಗೊತ್ತಿರುವಷ್ಟು ಹುಲ್ಲಿನ ಹೆಸರು ನಮಗೆ ಗೊತ್ತಿಲ್ಲ. ಬೇಕಾಗುವುದು ಟೇಪು, ಹಗ್ಗ, ಒಂದು ದಪ್ಪ ರಿಜಿಸ್ಟರ್. ಮಳೆ ಮುಗಿದು ಹುಲ್ಲು ತೆನೆ ಬಿಡುವ ಅಕ್ಟೋಬರ್ ಮೊದಲ ಅಳತೆಗೆ ಸರಿಯಾದ ಕಾಲ. ಇಲಾಖೆಗೆ ಕೊಡುವ ಅರ್ಜಿಯ ಕರಡು ತಂದಿದ್ದೇನೆ. ಆ ಕಡೆ ಮೇಜಿನ ಮೇಲಿದೆ. ಓದಿ, ತಿದ್ದಿ, ಬರುವವರು ಹೆಸರು ಬರೆಯಿರಿ.